ಗಿಟ್ ಕಮಾಂಡಿಗೆ ಅಡ್ಡಹೆಸರು ಇಡುವ ಮೊದಲು

ಪ್ರಶ್ನೆ: ನಾನು ಮಣಿಪಾಲದಲ್ಲಿ ಮನೆ ಮಾಡಿಕೊಂಡು ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಅದೇ ಏಳೆಂಟು ಕಮಾಂಡ್ ಹೊಡೆದು ಹೊಡೆದು ಬೇಜಾರಾಗಿದೆ. ಸೀನಿಯರ್ ಒಬ್ಬರು ತಮ್ಮ ಅಲಿಯಾಸ್ (ಕಮಾಂಡಿನ ಅಡ್ಡಹೆಸರು) ಫೈಲ್ ಕೊಟ್ಟರು. ಅದರಲ್ಲಿ ಅರುವತ್ತಕ್ಕೂ ಜಾಸ್ತಿ ಇವೆ. ಹಾಕಿಕೊಂಡ ಮೇಲೆ ಯಾವುದು ಏನು ಮಾಡುತ್ತದೆ ಎಂದೇ ತಿಳಿಯುತ್ತಿಲ್ಲ. ಯಾವ ಕೆಲಸಕ್ಕೆ ಅಲಿಯಾಸ್ ಮಾಡಬೇಕು? ಎಲ್ಲಿ ಬರೆಯಬೇಕು? ಟೀಮಿನವರೆಲ್ಲ ಒಂದೇ ರೀತಿಯದ್ದು ಬಳಸಬಹುದಾ? ಇನ್ನೊಂದು, ಆಫೀಸಿನ ಕೋಡಿಗೆ ಆಗಾಗ ನನ್ನ ಸ್ವಂತ ಇಮೇಲ್ ಹೋಗಿ ಬೈಸಿಕೊಳ್ಳುತ್ತೇನೆ. ಅದಕ್ಕೂ ಏನಾದರೂ ದಾರಿ ಇದೆಯಾ?

ಉತ್ತರ: ಮೊದಲು ಆ ಫೈಲನ್ನು ತೆಗೆದು ಪಕ್ಕಕ್ಕಿಡಿ. ಅಳಿಸುವುದು ಬೇಡ, ಹೆಸರು ಬದಲಿಸಿ ಇಟ್ಟರೆ ಸಾಕು. ಅದು ನಿಮ್ಮ ಸೀನಿಯರ್ ಕೈಗೆ ವರ್ಷಗಟ್ಟಲೆ ಕೂತು ಬಂದ ಅಭ್ಯಾಸ. ನಿಮ್ಮ ಕೈಗೆ ಅದು ಒಗ್ಗಬೇಕೆಂದಿಲ್ಲ.

ನೀವು ದಿನಾ ಬಸ್ಸಲ್ಲಿ ಬರುವವರು. ಕಂಡಕ್ಟರ್ ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದು ಕೂಗಿದರೆ ಅದು ಸಿಟಿ ಬಸ್‌ಸ್ಟ್ಯಾಂಡ್ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಹೊಸಬರು ಮಾತ್ರ ‘ನನಗೆ ಬ್ಯಾಂಕಿಗಲ್ಲ ಮಾರಾಯ್ರೆ, ಬಸ್‌ಸ್ಟ್ಯಾಂಡಿಗೆ ಹೋಗಬೇಕು’ ಎನ್ನುತ್ತಾರೆ. ಈ ಊರಿಗೇ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ ಎಂಬ ಹೆಸರುಗಳುಂಟು. ಹೇಗೆ ಕರೆದರೂ ಬಸ್ಸು ಬರುವುದು ಇಲ್ಲಿಗೇ. ಅಲಿಯಾಸ್ ಎಂದರೆ ಇಷ್ಟೇ. ಇಟ್ಟವರಿಗೆ ಸಲೀಸು, ಉಳಿದವರಿಗೆ ಒಗಟು.

ಹಾಗಾಗಿ ನಿಮ್ಮ ಅಲಿಯಾಸ್ ಹುಟ್ಟಬೇಕಾದ್ದು ನಿಮ್ಮ ಕೈಯಿಂದಲೇ. ಟರ್ಮಿನಲ್‌ನಲ್ಲಿ ‘ಹಿಸ್ಟರಿ | ಗ್ರೆಪ್ ಗಿಟ್’ ಎಂದು ಹೊಡೆಯಿರಿ. ಬ್ಯಾಶ್ (ಟರ್ಮಿನಲ್ ಒಳಗೆ ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ, ಅಂದರೆ ಶೆಲ್) ತಾನಾಗಿ ಕೊನೆಯ 500 ಕಮಾಂಡ್ ನೆನಪಿಟ್ಟುಕೊಂಡಿರುತ್ತದೆ, ಉಬುಂಟು ಲಿನಕ್ಸಿನಲ್ಲಿ 1000. ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಎಣಿಸಲು ಲೆಕ್ಕದ ಸ್ಕ್ರಿಪ್ಟ್ ಬೇಕಾಗಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಉಬುಂಟು ಒಂದರ ಹಿಂದೆ ಒಂದು ಬಂದ ಅದೇ ಕಮಾಂಡನ್ನು ಒಂದೇ ಸಲ ಬರೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ‘ಸ್ಟೇಟಸ್’ ಅಲ್ಲಿ ಕಾಣುವುದಕ್ಕಿಂತ ನಿಜಕ್ಕೂ ಜಾಸ್ತಿಯೇ ಇರುತ್ತದೆ. ಅತಿ ಹೆಚ್ಚು ಸಲ ಬಂದ ಐದಾರು ಕಮಾಂಡುಗಳಿಗೆ ಮಾತ್ರ ಈ ವಾರ ಹೆಸರಿಡಿ.

ಒಂದು ಮಾತು. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಎಂದಿನ ಇಂಗ್ಲಿಷ್ ಸ್ಪೆಲಿಂಗಿನಲ್ಲೇ ಹೊಡೆಯಬೇಕು. ನಾನು ಇಟ್ಟುಕೊಂಡ ಹೆಸರುಗಳು ಮಾತ್ರ ಕನ್ನಡ ಶಬ್ದಗಳು. ಅವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುವುದು.

ಗಿಟ್ ಕಾನ್ಫಿಗ್ --ಗ್ಲೋಬಲ್ ಅಲಿಯಾಸ್.ನೋಡು 'ಸ್ಟೇಟಸ್ -ಎಸ್‌ಬಿ'
ಗಿಟ್ ಕಾನ್ಫಿಗ್ --ಗ್ಲೋಬಲ್ ಅಲಿಯಾಸ್.ಮರ 'ಲಾಗ್ --ಒನ್‌ಲೈನ್ --ಗ್ರಾಫ್ --ಆಲ್ -20'
ಗಿಟ್ ಕಾನ್ಫಿಗ್ --ಗ್ಲೋಬಲ್ ಅಲಿಯಾಸ್.ಎಂತ 'ಡಿಫ್ --ಸ್ಟೇಜ್ಡ್'

ಇನ್ನು ಮೇಲೆ ‘ಗಿಟ್ ನೋಡು’ ಎಂದರೆ ಚುಟುಕು ಸ್ಟೇಟಸ್. ‘ಗಿಟ್ ಮರ’ ಎಂದರೆ ಕೊನೆಯ ಇಪ್ಪತ್ತು ಕಮಿಟ್‌ಗಳು (ದಾಖಲಾದ ಬದಲಾವಣೆಗಳು), ಕೊಂಬೆ (ಬ್ರಾಂಚ್, ಅಂದರೆ ಕೆಲಸದ ಬೇರೆ ಬೇರೆ ಕವಲು) ಸಮೇತ. ‘ಗಿಟ್ ಎಂತ’ ಎಂದರೆ, ಕಮಿಟ್ ಆಗಲು ಎಂತ ಹೊರಟಿದೆ ಎಂದು ಒಂದು ಸಲ ನೋಡುವುದು. ಈ ಮೂರನೆಯದು ನನ್ನನ್ನು ಎಷ್ಟು ಸಲ ಉಳಿಸಿದೆಯೋ ಲೆಕ್ಕವಿಲ್ಲ.

ಕನ್ನಡ ಹೆಸರು ತಮಾಷೆಗೆ ಇಟ್ಟದ್ದಲ್ಲ. ಗಿಟ್‌ನಲ್ಲಿ ಮೊದಲೇ ಇರುವ ಕಮಾಂಡಿನ ಹೆಸರನ್ನು ನೀವು ಅಲಿಯಾಸಿಗೆ ಇಟ್ಟರೆ ಗಿಟ್ ನಿಮ್ಮದನ್ನು ಸುಮ್ನೆ ಬದಿಗಿಡುತ್ತದೆ. ತಪ್ಪು ಎನ್ನುವುದಿಲ್ಲ, ಎಚ್ಚರಿಕೆಯೂ ಕೊಡುವುದಿಲ್ಲ. ನನ್ನ ಹತ್ತಿರ ‘ಸ್ವಿಚ್’ ಎಂಬ ಅಲಿಯಾಸ್ ಇತ್ತು. ಅರ್ಧ ಮುಗಿದ ಕೆಲಸವನ್ನು ಮೊದಲು ಸ್ಟ್ಯಾಶ್ ಮಾಡಿ (ಬದಿಗೆ ಎತ್ತಿಟ್ಟು), ಆಮೇಲೆ ಬೇರೆ ಬ್ರಾಂಚಿಗೆ ಹೋಗುತ್ತಿತ್ತು. 2019ರ ಆಗಸ್ಟಿನಲ್ಲಿ ಬಂದ ಗಿಟ್ 2.23ರಲ್ಲಿ ‘ಸ್ವಿಚ್’, ‘ರಿಸ್ಟೋರ್’ ಎಂಬ ಹೊಸ ಕಮಾಂಡುಗಳು ಸೇರಿದವು. ನಾನು ಅಪ್‌ಡೇಟ್ ಮಾಡಿದೆ, ಮರೆತೆ. ಒಂದು ದಿನ ಗಡಿಬಿಡಿಯ ರಿಪೇರಿ ಕೆಲಸಕ್ಕೆಂದು ಬ್ರಾಂಚ್ ಬದಲಿಸಿದೆ. ನನ್ನ ಅಲಿಯಾಸ್ ಅಷ್ಟರಲ್ಲಾಗಲೇ ಸತ್ತಿತ್ತು, ನಿಜವಾದ ‘ಸ್ವಿಚ್’ ಓಡಿತು. ಅದು ಸ್ಟ್ಯಾಶ್ ಮಾಡುವುದಿಲ್ಲ. ಜಗಳವಿಲ್ಲದ ಬದಲಾವಣೆಗಳನ್ನು ಜೊತೆಗೇ ಹೊತ್ತುಕೊಂಡು ಹೋಗುತ್ತದೆ. ಎರಡು ದಿನದ ಹಸಿ ಕೋಡ್ ಆ ರಿಪೇರಿಯ ಜೊತೆ ಸೇರಿ ಕಮಿಟ್ ಆಯಿತು. ‘ನೋಡು’, ‘ಮರ’, ‘ಎಂತ’ ಎಂಬ ಹೆಸರಿನ ಕಮಾಂಡನ್ನು ಗಿಟ್ ಮಾಡುವವರು ಮುಂದೆ ಯಾವತ್ತೂ ತರಲಿಕ್ಕಿಲ್ಲ. ಆ ಧೈರ್ಯಕ್ಕೆ ಈ ಹೆಸರು.

ಇನ್ನು, ಎಲ್ಲಿ ಬರೆಯುವುದು? ಶೆಲ್ಲಿನಲ್ಲಿ ಬರೆಯಬಹುದು, ಗಿಟ್‌ನಲ್ಲೇ ಬರೆಯಬಹುದು. ನಾನು ಗಿಟ್‌ನ ಪರ. ಶೆಲ್ ಅಲಿಯಾಸ್ ಆ ಶೆಲ್ಲಿಗೆ ಮಾತ್ರ ಗೊತ್ತು. ಗಿಟ್ ಅಲಿಯಾಸ್ ಬ್ಯಾಶ್, ಝಡ್‌ಶೆಲ್, ಪವರ್‌ಶೆಲ್ ಎಲ್ಲ ಕಡೆ ಓಡುತ್ತದೆ. ಶೆಲ್ಲಿನಲ್ಲಿ ಹೆಸರು ತಾಗುವುದೂ ಜಾಸ್ತಿ. ‘ಜಿಎಸ್’ ಎಂದು ಸ್ಟೇಟಸ್‌ಗೆ ಹೆಸರಿಟ್ಟವರು ಬಹಳ ಮಂದಿ. ಪಿಡಿಎಫ್ ಕೆಲಸದ ಗೋಸ್ಟ್‌ಸ್ಕ್ರಿಪ್ಟ್ ಪ್ರೋಗ್ರಾಮಿನ ಹೆಸರೂ ಅದೇ ಎಂದು ಅವರಿಗೆ ಗೊತ್ತಾಗುವುದು ಬಿಲ್ ಪ್ರಿಂಟ್ ಮಾಡಲು ಕೂತಾಗ.

ಗಿಟ್‌ನಲ್ಲಿ ಬರೆದದ್ದೆಲ್ಲ ಹೋಮ್ ಫೋಲ್ಡರಿನ .ಗಿಟ್‌ಕಾನ್ಫಿಗ್ ಫೈಲಿಗೆ ಹೋಗುತ್ತದೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ --ಎಡಿಟ್’ ಎಂದರೆ ಅದು ತೆರೆಯುತ್ತದೆ. ಯಾವುದಾದರೂ ಅಲಿಯಾಸ್ ಏನೆಂದು ಮರೆತರೆ ‘ಗಿಟ್ ಹೆಲ್ಪ್ ನೋಡು’ ಎಂದು ಕೇಳಿ, ಅದು ಯಾವುದರ ಅಡ್ಡಹೆಸರು ಎಂದು ಗಿಟ್ಟೇ ಹೇಳುತ್ತದೆ. ಸೀನಿಯರ್ ಕೊಟ್ಟ ಅರುವತ್ತರಲ್ಲಿ ಕುತೂಹಲ ಹುಟ್ಟಿಸಿದವನ್ನು ಆ ಪಕ್ಕಕ್ಕಿಟ್ಟ ಫೈಲಿನಲ್ಲೇ ಒಂದೊಂದಾಗಿ ಓದಿ ನೋಡಿ, ಹಿಡಿಸಿದ್ದನ್ನು ಮಾತ್ರ ಎತ್ತಿಕೊಳ್ಳಿ.

ಅಲಿಯಾಸೇ ಬೇಡದ ಕಡೆ ಮಾಡಬೇಡಿ. ಹೊಸ ಬ್ರಾಂಚ್ ಮೊದಲ ಸಲ ಪುಶ್ ಮಾಡುವಾಗ (ಸರ್ವರಿಗೆ ಕಳಿಸುವಾಗ) ಆ ಉದ್ದದ ‘--ಸೆಟ್-ಅಪ್‌ಸ್ಟ್ರೀಮ್’ ಸಾಲು ಬರೆಯುವುದಕ್ಕೆ ಎಲ್ಲರೂ ಒಂದು ಅಲಿಯಾಸ್ ಮಾಡುತ್ತಿದ್ದರು. 2022ರ ಗಿಟ್ 2.37ರಿಂದ ‘ಪುಶ್.ಆಟೋಸೆಟಪ್‌ರಿಮೋಟ್’ ಎಂಬ ಸೆಟ್ಟಿಂಗ್ ಬಂದಿದೆ. ಅದನ್ನು ‘ಟ್ರೂ’ ಮಾಡಿದರೆ ಬರೀ ‘ಗಿಟ್ ಪುಶ್’ ಸಾಕು. ‘ಫೆಚ್.ಪ್ರೂನ್’ ಅನ್ನೂ ‘ಟ್ರೂ’ ಮಾಡಿಡಿ, ಸರ್ವರಿನಲ್ಲಿ ಅಳಿಸಿಹೋದ ಬ್ರಾಂಚ್‌ಗಳ ನೆರಳು ನಿಮ್ಮಲ್ಲಿ ಉಳಿಯುವುದಿಲ್ಲ.

ಈಗ ಸ್ವಲ್ಪ ರುಚಿಯ ವಿಷಯಕ್ಕೆ ಬರೋಣ. ಎರಡು ಮೂರು ಕೆಲಸ ಒಟ್ಟಿಗೆ ಮಾಡಿಸುವ ಅಲಿಯಾಸ್. ಹೆಸರಿನ ಅರ್ಥವನ್ನು ‘!’ ಇಂದ ಶುರು ಮಾಡಿದರೆ ಗಿಟ್ ಅದನ್ನು ಶೆಲ್ಲಿಗೆ ಒಪ್ಪಿಸುತ್ತದೆ. ನನ್ನ ದಿನ ಶುರುವಾಗುವುದು ಇದರಿಂದ:

ಗಿಟ್ ಕಾನ್ಫಿಗ್ --ಗ್ಲೋಬಲ್ ಅಲಿಯಾಸ್.ಬೆಳಗ್ಗೆ '!ಗಿಟ್ ಫೆಚ್ && ಗಿಟ್ ರಿಬೇಸ್ ಒರಿಜಿನ್/ಮೇನ್'

ಸರ್ವರಿನಿಂದ ಹೊಸತನ್ನೆಲ್ಲ ತರಿಸಿ (ಫೆಚ್), ನನ್ನ ಬ್ರಾಂಚಿನ ಕೆಲಸವನ್ನು ಅಲ್ಲಿನ ಮುಖ್ಯ ಬ್ರಾಂಚ್ ‘ಮೇನ್’ ಮೇಲೆ ಕೂರಿಸುತ್ತದೆ (ರಿಬೇಸ್). ಕಮಿಟ್ ಆಗದ ಬದಲಾವಣೆ ಇದ್ದರೆ ರಿಬೇಸ್ ತಾನೇ ಬೇಡ ಎನ್ನುತ್ತದೆ, ಒಳ್ಳೆಯದೇ. ನಿಮ್ಮ ಕಂಪನಿಯಲ್ಲಿ ಮರ್ಜ್ (ಎರಡು ಬ್ರಾಂಚ್ ಬೆಸೆಯುವ) ಪದ್ಧತಿ ಇದ್ದರೆ ರಿಬೇಸ್ ಜಾಗದಲ್ಲಿ ಮರ್ಜ್ ಬರೆಯಿರಿ.

ಇಲ್ಲಿ ಮೂರು ಸಣ್ಣ ಚಿಹ್ನೆಗಳನ್ನು ಹತ್ತಿರದಿಂದ ನೋಡಬೇಕು. ಒಂದು, ನಡುವೆ ಇರುವ ‘&&’. ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದು ಎಂದು ಅದರ ಅರ್ಥ. ಅಲ್ಲಿ ‘;’ ಹಾಕಿದರೆ ಮೊದಲನೆಯದು ಬಿದ್ದರೂ ಎರಡನೆಯದು ಓಡುತ್ತದೆ. ನೀವು ಉಡುಪಿ ಬಿಟ್ಟ ಬಸ್ಸಿನಲ್ಲಿ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಕೂತಿದ್ದೀರಿ ಎಂದುಕೊಳ್ಳಿ. ನೆಟ್ ಹೋಯಿತು, ಫೆಚ್ ಬಿತ್ತು. ‘;’ ಇದ್ದರೆ ನಿನ್ನೆಯ ಹಳೆಯ ಮೇನ್ ಮೇಲೆಯೇ ರಿಬೇಸ್ ಆಗುತ್ತದೆ. ಕೊನೆಯ ಸಾಲಿನಲ್ಲಿ ಯಶಸ್ವಿ ಎಂದೇ ಬರುತ್ತದೆ. ಎಲ್ಲ ಹೊಸತಾಯಿತು ಎಂದು ನೀವು ನಂಬುತ್ತೀರಿ.

ಎರಡು, ಸುತ್ತ ಇರುವ ಒಂಟಿ ಉದ್ಧರಣ ಚಿಹ್ನೆ. ಅಲ್ಲಿ ಜೋಡಿ ಚಿಹ್ನೆ ಹಾಕಿದರೆ ಬ್ಯಾಶ್ ‘!ಗಿಟ್’ ಎಂಬುದನ್ನು ‘ಈ ಹಿಂದೆ ಗಿಟ್ ಎಂದು ಶುರುವಾದ ಕಮಾಂಡ್ ಯಾವುದು’ ಎಂದು ಓದಿಕೊಂಡು, ಅದನ್ನೇ ಅಲ್ಲಿ ತುಂಬಿಸಿಬಿಡುತ್ತದೆ. ಏನೇನೋ ಸೇವ್ ಆಗುತ್ತದೆ. ಮೂರು, ಫೈಲ್ ತೆರೆದು ಕೈಯಲ್ಲೇ ಬರೆಯುವುದಾದರೆ ನಿಯಮ ತಿರುಗಾಮುರುಗಾ. ಆ ಫೈಲಿನಲ್ಲಿ ‘;’ ಮತ್ತು ‘#’ ಬಂದರೆ ಮುಂದಿನದ್ದೆಲ್ಲ ಟಿಪ್ಪಣಿ ಎಂದು ಗಿಟ್ ಬಿಟ್ಟುಬಿಡುತ್ತದೆ. ಆದ್ದರಿಂದ ಅಲ್ಲಿ ‘=’ ಆದ ಮೇಲಿನ ಇಡೀ ಭಾಗವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು.

ಹೊಸ ಕೆಲಸ ಶುರು ಮಾಡುವಾಗ ಅದರ ಟಿಕೆಟ್ ನಂಬರ್ (ಕಂಪನಿಯಲ್ಲಿ ಆ ಕೆಲಸಕ್ಕೆ ಇಟ್ಟ ಸಂಖ್ಯೆ) ಕೊಟ್ಟರೆ ಬ್ರಾಂಚ್ ಆಗಬೇಕು. ಅಲಿಯಾಸಿನ ಮುಂದೆ ನೀವು ಹೊಡೆದದ್ದೆಲ್ಲ ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ, ನಡುವೆ ಬರುವುದಿಲ್ಲ. ನಡುವೆ ಬೇಕಾದರೆ ಒಂದು ಪುಟ್ಟ ಫಂಕ್ಷನ್ ಬರೆದು ಅಲ್ಲೇ ಕರೆಯಬೇಕು. ಫೈಲಿನಲ್ಲಿ ಇದು ಹೀಗಿರುತ್ತದೆ:

ಹೊಸತು = "!ಎಫ್() { ಗಿಟ್ ಸ್ವಿಚ್ --ನೋ-ಟ್ರ್ಯಾಕ್ -ಸಿ ಕೆಲಸ/$1 ಒರಿಜಿನ್/ಮೇನ್; }; ಎಫ್"

‘ಗಿಟ್ ಹೊಸತು 142’ ಎಂದರೆ ‘ಕೆಲಸ/142’ ಎಂಬ ಬ್ರಾಂಚ್ ತಯಾರು. ಆ ‘--ನೋ-ಟ್ರ್ಯಾಕ್’ ಬಿಡಬೇಡಿ. ಬಿಟ್ಟರೆ ಹೊಸ ಬ್ರಾಂಚಿನ ಅಪ್‌ಸ್ಟ್ರೀಮ್ (ಸರ್ವರಿನಲ್ಲಿ ಅದರ ಜೋಡಿ ಬ್ರಾಂಚ್) ‘ಮೇನ್’ ಎಂದು ಗಿಟ್ ತಾನೇ ಬರೆದುಕೊಳ್ಳುತ್ತದೆ. ಆಮೇಲೆ ಪುಶ್ ಮಾಡಿದರೆ ಎರಡರ ಹೆಸರು ತಾಳೆಯಾಗುವುದಿಲ್ಲ ಎಂದು ನಿಂತುಬಿಡುತ್ತದೆ. ಮೇಲೆ ಹೇಳಿದ ಪುಶ್ ಸೆಟ್ಟಿಂಗ್ ಕೆಲಸ ಮಾಡುವುದು ಅಪ್‌ಸ್ಟ್ರೀಮ್ ಇಲ್ಲದ ಬ್ರಾಂಚಿಗೆ ಮಾತ್ರ. ಈ ಎರಡರ ಜಗಳ ಅರ್ಥವಾಗಲು ನನಗೆ ಒಂದು ಇಡೀ ಮಧ್ಯಾಹ್ನ ಹೋಯಿತು.

ಈಗ ನನ್ನ ದೊಡ್ಡ ಎಡವಟ್ಟು ಹೇಳಬೇಕು. ಅದರಿಂದಲೇ ನಾನು ಈ ವಿಷಯದಲ್ಲಿ ಸ್ವಲ್ಪ ಜಿಪುಣನಾದದ್ದು. ಆಗ ‘ಉಳಿಸು’ ಎಂಬ ಅಲಿಯಾಸ್ ಇಟ್ಟುಕೊಂಡಿದ್ದೆ. ‘!ಗಿಟ್ ಆ್ಯಡ್ . && ಗಿಟ್ ಕಮಿಟ್ -ಎಂ’ ಎಂದು. ಒಂದೇ ಶಬ್ದದಲ್ಲಿ ಎಲ್ಲ ಕೆಲಸ ಆಗುತ್ತದೆ ಎಂಬ ಖುಷಿ. ಒಂದು ದಿನ ವರದಿಗಳ ಸಬ್‌ಫೋಲ್ಡರಿನಲ್ಲಿ ಕೂತು ಎರಡು ಫೈಲ್ ತಿದ್ದಿದೆ. ‘ಗಿಟ್ ಉಳಿಸು’ ಎಂದೆ. ಆ್ಯಡ್ ಮುಂದೆ ಚುಕ್ಕಿ ಇದೆಯಲ್ಲ, ಅಂದರೆ ಈ ಫೋಲ್ಡರ್ ಮತ್ತು ಅದರ ಕೆಳಗಿನದ್ದು ಮಾತ್ರ ಎಂಬುದು ನನ್ನ ಲೆಕ್ಕ. ಟರ್ಮಿನಲ್‌ನಲ್ಲಿ ನೇರ ಹೊಡೆದರೆ ಆ ಲೆಕ್ಕ ಸರಿ. ಆದರೆ ‘!’ ಇಂದ ಶುರುವಾದ ಅಲಿಯಾಸನ್ನು ಗಿಟ್ ನೀವಿರುವ ಫೋಲ್ಡರಿನಲ್ಲಿ ಓಡಿಸುವುದಿಲ್ಲ. ರೆಪೊದ (ಗಿಟ್ ನೋಡಿಕೊಳ್ಳುವ ಇಡೀ ಪ್ರಾಜೆಕ್ಟ್ ಫೋಲ್ಡರಿನ) ಬುಡಕ್ಕೆ ಹೋಗಿ ಅಲ್ಲಿಂದ ಓಡಿಸುತ್ತದೆ. ನನ್ನ ಚುಕ್ಕಿ ಇಡೀ ರೆಪೊ ಆಯಿತು. ಬುಡದಲ್ಲಿ ನಾನೇ ಪರೀಕ್ಷೆಗೆಂದು ಇಟ್ಟಿದ್ದ ಒಂದು ಸೆಟ್ಟಿಂಗ್ ಫೈಲ್ ಇತ್ತು, ಅದರೊಳಗೆ ಪೇಮೆಂಟ್ ಸೇವೆಯ ಕೀ. ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಲ್ಲಿ) ಅದರ ಹೆಸರು ಹಾಕಿರಲಿಲ್ಲ. ಕಮಿಟ್ ಆಯಿತು, ಪುಶ್ ಆಯಿತು, ಚಹಾಕ್ಕೂ ಹೋಗಿ ಬಂದೆ.

ಸಂಜೆ ನಾಲ್ಕಕ್ಕೆ ಕೋಡ್ ನೋಡುತ್ತಿದ್ದ ಸಹೋದ್ಯೋಗಿ, ‘ಇದೆಂತ ಮಾರಾಯ್ರೆ, ಕೀ ಕೂಡ ಹಾಕಿದ್ದೀರಲ್ಲ’ ಎಂದರು. ಫೈಲ್ ತೆಗೆದು ಇನ್ನೊಂದು ಕಮಿಟ್ ಮಾಡಿದರೆ ಮುಗಿಯುವುದಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ. ಇತಿಹಾಸ ತಿದ್ದಿದರೂ, ಅಷ್ಟರೊಳಗೆ ಪುಲ್ ಮಾಡಿದವರ ಹತ್ತಿರ ಉಳಿದಿರುತ್ತದೆ. ಕೀ ರದ್ದು ಮಾಡಿ ಹೊಸತು ಪಡೆಯುವುದೊಂದೇ ದಾರಿ. ಹೊಸ ಕೀಯನ್ನು ಎಲ್ಲ ಸರ್ವರಿಗೆ ಹಾಕಿ ಮುಗಿಸುವಾಗ ರಾತ್ರಿ ಒಂಬತ್ತು ದಾಟಿತ್ತು.

ನೀವಿರುವ ಫೋಲ್ಡರ್ ಯಾವುದೆಂದು ಗಿಟ್ ಅಲಿಯಾಸಿಗೆ ಹೇಳಿಯೇ ಇರುತ್ತದೆ, ‘ಗಿಟ್_ಪ್ರಿಫಿಕ್ಸ್’ ಎಂಬ ವೇರಿಯಬಲ್‌ನಲ್ಲಿ. ಅದನ್ನು ಹಿಡಿದು ಅಲ್ಲಿಗೆ ‘ಸಿಡಿ’ ಮಾಡಬಹುದು. ನಾನು ಹಾಗೆ ರಿಪೇರಿ ಮಾಡಲಿಲ್ಲ, ‘ಉಳಿಸು’ ಎಂಬುದನ್ನೇ ತೆಗೆದು ಹಾಕಿದೆ. ಈಗ ‘ಗಿಟ್ ಆ್ಯಡ್ -ಪಿ’ ಎಂದು ತುಂಡು ತುಂಡಾಗಿ ನೋಡಿ ಸೇರಿಸುತ್ತೇನೆ. ಆಮೇಲೆ ‘ಗಿಟ್ ಎಂತ’, ಆಮೇಲೆ ಕಮಿಟ್. ಏನು ಹೋಗುತ್ತದೆ ಎಂದು ಕಣ್ಣಾರೆ ನೋಡುವ ಆ ಅರ್ಧ ನಿಮಿಷವನ್ನು ಅಲಿಯಾಸಿಗೆ ಕೊಡಬಾರದು ಎಂಬುದು ನನ್ನ ಹಟ.

ಇದೇ ಕಾರಣಕ್ಕೆ, ಕಮಿಟ್ ಆಗದ ಕೆಲಸವನ್ನು ಅಳಿಸಿಹಾಕುವ ‘ರಿಸೆಟ್ --ಹಾರ್ಡ್’ ಮತ್ತು ‘ಕ್ಲೀನ್ -ಎಫ್‌ಡಿ’ಗೆ ನನ್ನ ಫೈಲಿನಲ್ಲಿ ಅಡ್ಡಹೆಸರಿಲ್ಲ. ರಿಫ್ಲಾಗ್ (ಬ್ರಾಂಚುಗಳು ಯಾವಾಗ ಎಲ್ಲಿದ್ದವು ಎಂದು ಗಿಟ್ ಬರೆದಿಡುವ ದಿನಚರಿ) ಇದೆಯಲ್ಲ ಎನ್ನಬಹುದು. ರಿಫ್ಲಾಗ್ ಹಳೆಯದನ್ನು ಮಾಮೂಲಾಗಿ 90 ದಿನ ಇಟ್ಟುಕೊಳ್ಳುತ್ತದೆ, ಯಾವ ಬ್ರಾಂಚಿಗೂ ಸೇರದೆ ಉಳಿದದ್ದನ್ನು 30 ದಿನ. ಆದರೆ ಅದಕ್ಕೆ ಗೊತ್ತಿರುವುದು ಕಮಿಟ್ ಆದದ್ದು ಮಾತ್ರ. ಕಮಿಟ್ ಆಗದೆ ಹೋದ ಸಾಲುಗಳ ಸುದ್ದಿ ಅದಕ್ಕಿಲ್ಲ. ಇಂಥವನ್ನು ಪೂರ್ತಿ ಅಕ್ಷರ ಹೊಡೆದೇ ಮಾಡಿ. ಬೆರಳು ತಡವಾದರೆ ತಲೆ ಎಚ್ಚರಾಗುತ್ತದೆ. ಕೊನೆಯ ಕಮಿಟ್ ಮಾತ್ರ ಬಿಚ್ಚಬೇಕೆಂದರೆ ‘ರಿಸೆಟ್ --ಸಾಫ್ಟ್ ಹೆಡ್~1’ಕ್ಕೆ ‘ಬಿಚ್ಚು’ ಎಂದು ಹೆಸರಿಡಿ. ಅದು ಬದಲಾವಣೆಗಳನ್ನು ಮುಟ್ಟುವುದಿಲ್ಲ. ಪುಶ್ ಆದ ಮೇಲೆ ಮಾತ್ರ ಬಿಚ್ಚಲು ಹೋಗಬೇಡಿ.

ಸರ್ವರಿನಲ್ಲಿರುವುದನ್ನು ಅಳಿಸಿ ಬರೆಯುವ ಬಲವಂತದ ಪುಶ್ ಬೇಕೇ ಬೇಕಾಗುವ ದಿನವೂ ಬರುತ್ತದೆ, ರಿಬೇಸ್ ಮಾಡುವವರಿಗಂತೂ ಖಂಡಿತ. ಅದಕ್ಕೆ ‘--ಫೋರ್ಸ್-ವಿತ್-ಲೀಸ್’ ಹಾಕಿದ ಅಲಿಯಾಸ್ ಮಾಡಿ. ಸರ್ವರಿನಲ್ಲಿ ನಿಮಗೆ ಗೊತ್ತಿಲ್ಲದ ಹೊಸ ಕಮಿಟ್ ಇದ್ದರೆ ಅದು ತಡೆಯುತ್ತದೆ. ಇಲ್ಲೂ ಒಂದು ತೂತು ಉಂಟು. ನಿಮ್ಮ ಎಡಿಟರ್ ಹಿಂದಿನಿಂದ ತಾನಾಗಿ ಫೆಚ್ ಮಾಡುತ್ತಿದ್ದರೆ, ಆ ಹೊಸ ಕಮಿಟ್ ನೀವು ನೋಡದಿದ್ದರೂ ನಿಮಗೆ ಗೊತ್ತು ಎಂದೇ ಲೆಕ್ಕವಾಗುತ್ತದೆ, ಪುಶ್ ಆಗಿಬಿಡುತ್ತದೆ. 2020ರ ಡಿಸೆಂಬರಿನ ಗಿಟ್ 2.30ರಲ್ಲಿ ‘--ಫೋರ್ಸ್-ಇಫ್-ಇನ್‌ಕ್ಲೂಡ್ಸ್’ ಬಂದದ್ದು ಈ ತೂತು ಮುಚ್ಚಲಿಕ್ಕೆ. ಎರಡನ್ನೂ ಒಟ್ಟಿಗೆ ಬರೆಯಿರಿ.

ಮುಗಿದ ಬ್ರಾಂಚ್‌ಗಳನ್ನು ಗುಡಿಸುವ ಅಲಿಯಾಸ್ ನಿಮ್ಮ ಸೀನಿಯರ್ ಫೈಲಿನಲ್ಲಿ ಖಂಡಿತ ಇರುತ್ತದೆ. ‘ಬ್ರಾಂಚ್ --ಮರ್ಜ್ಡ್’ ಪಟ್ಟಿಯನ್ನು ಹಿಡಿದು ಒಂದೇ ಏಟಿಗೆ ಅಳಿಸುವಂಥದ್ದು. ಅದರಲ್ಲಿ ‘-ಡಿ’ ಸಣ್ಣ ಅಕ್ಷರವೋ ದೊಡ್ಡದೋ ನೋಡಿ. ಸಣ್ಣದಾದರೆ ಮರ್ಜ್ ಆಗಿದೆಯಾ ಎಂದು ಕೇಳಿ ಅಳಿಸುತ್ತದೆ, ದೊಡ್ಡದಾದರೆ ಕೇಳುವುದೇ ಇಲ್ಲ. ನಿಮ್ಮಲ್ಲಿ ಎಲ್ಲ ಕಮಿಟ್‌ಗಳನ್ನು ಒಂದಾಗಿ ಹಿಂಡಿ ಸೇರಿಸುವ ಸ್ಕ್ವಾಶ್ ಪದ್ಧತಿ ಇದ್ದರೆ ಈ ಪಟ್ಟಿ ಖಾಲಿಯೇ ಬರುತ್ತದೆ. ಮೇನ್‌ಗೆ ಸೇರಿದ್ದು ಬೇರೆಯೇ ಕಮಿಟ್ ಆದ್ದರಿಂದ ಗಿಟ್‌ಗೆ ಅದು ಮರ್ಜ್ ಎನಿಸುವುದಿಲ್ಲ. ಆಗ ಫೆಚ್ ಮಾಡಿ ‘ಗಿಟ್ ಬ್ರಾಂಚ್ -ವಿವಿ’ ನೋಡಿ. ಸರ್ವರಿನಲ್ಲಿ ಅಳಿಸಿಹೋದವುಗಳ ಮುಂದೆ ‘ಗಾನ್’ ಎಂದಿರುತ್ತದೆ. ಅವನ್ನು ನಾನು ತಿಂಗಳಿಗೊಮ್ಮೆ ಕೈಯಲ್ಲೇ ಅಳಿಸುತ್ತೇನೆ.

ಟೀಮಿನ ಪ್ರಶ್ನೆ. ರೆಪೊ ಕ್ಲೋನ್ ಮಾಡಿದರೆ ಅಲಿಯಾಸ್‌ಗಳು ಜೊತೆಗೆ ಬರುವುದಿಲ್ಲ, ಬರಲೂಬಾರದು. ಅಲಿಯಾಸ್ ಎಂದರೆ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಓಡಿಸಬಲ್ಲ ಸಾಲು, ಅಪರಿಚಿತ ರೆಪೊ ಅದನ್ನು ತಂದು ಹಾಕಿದರೆ ಕತೆ ಏನಾದೀತು? ಬೇಕೇ ಬೇಕೆಂದರೆ ರೆಪೊದೊಳಗೆ ಒಂದು ಫೈಲ್ ಇಟ್ಟು, ಪ್ರತಿಯೊಬ್ಬರೂ ಒಂದು ಸಲ ‘ಇನ್‌ಕ್ಲೂಡ್.ಪಾತ್’ ಸೆಟ್ಟಿಂಗಿನಲ್ಲಿ ಅದರ ದಾರಿ ಬರೆದುಕೊಳ್ಳಬಹುದು. ದಾರಿ ಲೆಕ್ಕ ಹಾಕುವುದು .ಗಿಟ್ ಫೋಲ್ಡರಿನ ಒಳಗಿಂದ, ಆದ್ದರಿಂದ ಮುಂದೆ ‘../’ ಬೇಕು. ಆ ಫೈಲಿಗೆ ಯಾರು ಏನು ಸೇರಿಸಿದರೂ ಎಲ್ಲರ ಕಣ್ಣಿಗೆ ಬೀಳುವ ಹಾಗಿರಲಿ.

ನನಗೆ ಇದಕ್ಕಿಂತ ಹಿಡಿಸಿದ್ದು ಸ್ಕ್ರಿಪ್ಟ್. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಗಿಟ್ ಬರೆದ ಕಾಲದಲ್ಲಿ ‘ಗಿಟ್-ಕಮಿಟ್’, ‘ಗಿಟ್-ಲಾಗ್’ ಎಂದು ಒಂದೊಂದು ಕಮಾಂಡೂ ಅಡ್ಡಗೆರೆ ಇರುವ ಬೇರೆ ಬೇರೆ ಪ್ರೋಗ್ರಾಂ ಆಗಿತ್ತು. ಆ ಹಳೆಯ ರೂಢಿ ಈಗಲೂ ಒಂದು ಕಡೆ ಉಳಿದಿದೆ. ‘ಗಿಟ್-ಬೆಳಗ್ಗೆ’ ಎಂಬ ಹೆಸರಿನ ಸ್ಕ್ರಿಪ್ಟನ್ನು ಪಾತ್‌ನಲ್ಲಿರುವ (ಶೆಲ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ) ಯಾವುದಾದರೂ ಫೋಲ್ಡರಿಗೆ ಹಾಕಿ ಓಡಿಸುವ ಅನುಮತಿ ಕೊಟ್ಟರೆ ‘ಗಿಟ್ ಬೆಳಗ್ಗೆ’ ಎಂದು ಕರೆಯಬಹುದು. ಉದ್ಧರಣ ಚಿಹ್ನೆಯ ತಲೆನೋವಿಲ್ಲ, ನಡುವೆ ಟಿಪ್ಪಣಿ ಬರೆಯಬಹುದು. ಅಲಿಯಾಸ್ ಎರಡು ಸಾಲು ದಾಟಿತೆಂದರೆ ನಾನು ಅದನ್ನು ಸ್ಕ್ರಿಪ್ಟಿಗೆ ಸಾಗಿಸುತ್ತೇನೆ. ಇನ್ನು ರೀಡ್‌ಮಿ ಬರೆಯುವಾಗ, ಹೊಸಬರಿಗೆ ಹೇಳಿಕೊಡುವಾಗ ಪೂರ್ತಿ ಕಮಾಂಡನ್ನೇ ಬರೆಯಿರಿ. ಮೊದಲ ದಿನವೇ ಅವರನ್ನು ‘ಸ್ಟೇಟ್ ಬ್ಯಾಂಕ್’ ಹುಡುಕಲು ಕಳಿಸಬೇಡಿ.

ಕೊನೆಗೆ ಇಮೇಲ್. ಇದಕ್ಕೆ ಅಲಿಯಾಸ್ ಬೇಡ, 2017ರ ಗಿಟ್ 2.13ರಿಂದ ‘ಇನ್‌ಕ್ಲೂಡ್‌ಇಫ್’ ಉಂಟು. ಆಫೀಸಿನ ರೆಪೊಗಳನ್ನೆಲ್ಲ ಒಂದೇ ಫೋಲ್ಡರಿನೊಳಗೆ ಇಡಿ, ‘ಆಫೀಸ್’ ಎಂದಿರಲಿ. ಆಫೀಸಿನ ಇಮೇಲ್ ಮಾತ್ರ ಇರುವ ಒಂದು ಪುಟ್ಟ ಕಾನ್ಫಿಗ್ ಫೈಲ್ ಮಾಡಿ. ಆಮೇಲೆ ಮುಖ್ಯ ಫೈಲಿನಲ್ಲಿ:

[ಇನ್‌ಕ್ಲೂಡ್‌ಇಫ್ "ಗಿಟ್‌ಡೈರ್:~/ಆಫೀಸ್/"]
ಪಾತ್ = ~/.ಗಿಟ್‌ಕಾನ್ಫಿಗ್-ಆಫೀಸ್

ಕೊನೆಯ ಓರೆಗೆರೆ ಮರೆತರೆ ಒಳಗಿನ ರೆಪೊಗಳಿಗೆ ಇದು ತಾಗುವುದೇ ಇಲ್ಲ. ಈ ಎರಡು ಸಾಲು ನಿಮ್ಮ ಸ್ವಂತ ಇಮೇಲ್ ಇರುವ ಸಾಲಿನ ಕೆಳಗೆ ಬರಬೇಕು, ಯಾಕೆಂದರೆ ಗಿಟ್ ಕೊನೆಗೆ ಓದಿದ್ದನ್ನೇ ಹಿಡಿಯುತ್ತದೆ. ಆಫೀಸಿನ ಯಾವುದಾದರೂ ರೆಪೊದೊಳಗೆ ನಿಂತು ‘ಗಿಟ್ ಕಾನ್ಫಿಗ್ ಯೂಸರ್.ಇಮೇಲ್’ ಎಂದು ಕೇಳಿ, ಸರಿಯಾದದ್ದು ಬಂತಾ ನೋಡಿ. ಈಗಾಗಲೇ ಹೋಗಿರುವ ಹಳೆಯ ಕಮಿಟ್‌ಗಳನ್ನು ತಿದ್ದಲು ಹೋಗಬೇಡಿ. ಅಲ್ಲಿಂದ ಮುಂದಿನ ಕಮಿಟ್ ಐಡಿಗಳೆಲ್ಲ ಬದಲಾಗಿ ಇಡೀ ಟೀಮಿನ ಬೈಗುಳ ನಿಮಗೇ ಬೀಳುತ್ತದೆ. ರೆಪೊದ ಬುಡದಲ್ಲಿ ‘.ಮೇಲ್‌ಮ್ಯಾಪ್’ ಎಂಬ ಫೈಲ್ ಮಾಡಿ, ನಿಮ್ಮ ಹೆಸರು, ಆಫೀಸಿನ ಇಮೇಲ್, ಸ್ವಂತ ಇಮೇಲ್ ಈ ಕ್ರಮದಲ್ಲಿ ಒಂದೇ ಸಾಲು ಬರೆಯಿರಿ, ಇಮೇಲ್ ಎರಡೂ ಕೋನದ ಕಂಸದೊಳಗೆ ಇರಲಿ. ‘ಗಿಟ್ ಲಾಗ್’ ಹಳೆಯವನ್ನೂ ಆಫೀಸಿನ ಹೆಸರಲ್ಲೇ ತೋರಿಸುತ್ತದೆ.